ಮೂರು ಹಳದಿ ವಯರು

ಗವಿಸಿದ್ಧ ಗಾಡಿ ತಳ್ಳಿಕೊಂಡು ಆಶ್ರಮಕ್ಕೆ ಬಂದಾಗ ಬಿಸಿಲೇರಿತ್ತು. ಅಡಿವೆಯ್ಯಜ್ಜ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.

"ಹಂಪವ್ವ?" ಎಂದರು ಅಜ್ಜ.

"ಅದಾಳ್ರಿ. ದವಾಖಾನ್ಯಾಗ ಆಕ್ಸಿಜನ್ ಹಚ್ಯಾರ. ಈಗ ಉಸಿರಾಡಾಕತ್ಯಾಳ."

ಅಷ್ಟು ಹೇಳಿ ಗವಿಸಿದ್ಧ ಅಲ್ಲೇ ಕುಸಿದು ಕೂತ.

ಹಂಪವ್ವ ಆಶ್ರಮದಲ್ಲಿ ರೊಟ್ಟಿ ಬಡಿಯುವ ಮುದುಕಿ. ಉಬ್ಬಸದವಳು. ಬಾಯಿಗಿಟ್ಟು ಎಳೆಯುವ ಪಂಪು ಸದಾ ಅವಳ ಸೆರಗಿನಲ್ಲಿರುತ್ತಿತ್ತು. ಒಮ್ಮೊಮ್ಮೆ ಅದೂ ಸಾಲುತ್ತಿರಲಿಲ್ಲ. ಆಗ ಊರಿಗೆ ಒಯ್ಯಬೇಕು. ಊರು ಕರಡಿಗುಡ್ಡದ ಆಚೆ. ಬಂಡೆಗಳ ನಡುವಿನ ಆ ದಾರಿಗೆ ಆಂಬುಲೆನ್ಸ್ ಬರುವುದಿಲ್ಲ, ಅಲ್ಲಿ ಫೋನೂ ಹತ್ತುವುದಿಲ್ಲ. ಆಶ್ರಮಕ್ಕಿದ್ದದ್ದು ಒಂದೇ ಮೋಟರ್ ಸೈಕಲ್ಲು. ಅದನ್ನು ಓಡಿಸುವವನು ಅಜ್ಜನ ಶಿಷ್ಯ ಗವಿಸಿದ್ಧ ಒಬ್ಬನೇ.

"ಗುಡ್ಡದ ನಡುವ ಲೈಟು ಹಳದಿ ಆತ್ರಿ ಅಜ್ಜಾರ. ಹಾರ್ನ್ ಒತ್ತಿದ್ರ ಆಡಿನ ಮರಿ ಒದರಿದಂಗ ಆತು. ಆಮ್ಯಾಲೆ ಇಂಜಿನ್ ನಿಂತು ಹೋತು. ಹಂಪವ್ವ ಹಿಂದ ಕುಂತು ಉಸಿರು ಎಳೀತಿದ್ಲು. ಎಳೀತಿದ್ಲು, ಒಳಗ ಹೋಗ್ತಿರಲಿಲ್ಲ. ಕಲ್ಲು ತುಂಬಾಕ ಬಂದ ಟ್ರ್ಯಾಕ್ಟರ್ ಆ ದಾರಿಲೆ ಬರದಿದ್ರ..."

"ಗಾಡ್ಯಾಗ ಏನು ಕೆಟ್ಟಿತ್ತು?"

"ಬ್ಯಾಟರಿ ಇರಬೇಕ್ರಿ."

"ನೋಡಿದಿ?"

"ಇಲ್ರಿ. ಅದ ಇರಬೇಕು."

ಅಜ್ಜ ಹೊಳೆಯ ಕಡೆಗೆ ಮುಖ ತಿರುಗಿಸಿದರು.

*

ಗವಿಸಿದ್ಧ ಹೊಸ ಬ್ಯಾಟರಿ ತಂದು ಹಾಕಿದ. ಗಾಡಿ ಒಂದೇ ಸಲಕ್ಕೆ ಎದ್ದಿತು. ಹಾರ್ನ್ ಹೊಳೆಯಾಚೆಗೂ ಕೇಳಿಸಿತು.

ಹಂಪವ್ವ ವಾಪಸ್ಸು ಬಂದಳು. ಬಂದವಳೇ ಹಿಟ್ಟು ನಾದಲು ಕೂತಳು.

ಅವಳು ಕೆಮ್ಮಿದಾಗಲೆಲ್ಲ ಗವಿಸಿದ್ಧನ ಎದೆ ಧಸಕ್ಕೆನ್ನುತ್ತಿತ್ತು. ಪೂಜೆಯಲ್ಲಿದ್ದರೂ ಅಷ್ಟೆ, ನೀರು ಹೊರುತ್ತಿದ್ದರೂ ಅಷ್ಟೆ. ಕೆಮ್ಮು ನಿಲ್ಲುವವರೆಗೂ ಅವನು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ.

"ನೀ ಯಾಕೋ ತಮ್ಮಾ ಹಂಗ ನಿಲ್ತಿ?" ಎಂದಳು ಹಂಪವ್ವ. "ಉಬ್ಬಸ ನನಗೈತೋ ನಿನಗೈತೋ?"

ಒಂದು ಸಂಜೆ ಅಜ್ಜ ಕೇಳಿದರು: "ಸಿದ್ಧಾ, ಗಾಡಿ ಚಲೋ ಆತೇನು?"

"ಚಲೋ ಆಗೇತ್ರಿ."

"ಗೊತ್ತೈತೋ, ಹಂಗಂತ ಅಂದುಕೊಂಡಿಯೋ?"

"ಲೈಟು ಉರೀತೈತ್ರಿ, ಹಾರ್ನ್ ಬಡೀತೈತ್ರಿ."

ಅಜ್ಜ ಶಲ್ಯ ಹೊದ್ದು ಎದ್ದರು. ಹೋಗಿ ಗಾಡಿಯ ಹಿಂದಿನ ಸೀಟಿನಲ್ಲಿ ಕೂತರು.

"ಗುಡ್ಡದ ಮ್ಯಾಲೆ ಹೋಗಿ ಬರೋಣು ನಡಿ."

"ಈಗೇನ್ರಿ? ಹೊತ್ತು ಮುಣಗಾಕತ್ತೇತಿ. ಕರಡಿ ಇಳಿಯೋ ಹೊತ್ತು."

"ಗಾಡಿ ಚಲೋ ಐತೆಂದೆಲ್ಲ."

ಗವಿಸಿದ್ಧ ಗಾಡಿ ಹತ್ತಿದ. ಕಿಕ್ ಹೊಡೆದ.

*

ದಾರಿ ಬಂಡೆಗಳ ನಡುವೆ ಏರುತ್ತ ಹೋಯಿತು. ಸೂರ್ಯ ಮುಳುಗಿದ. ಲೈಟಿನ ಬೆಳಕು ಕಲ್ಲುಗಳ ಮೇಲೆ ಬಿಳಿಯಾಗಿ ಬೀಳುತ್ತಿತ್ತು. ಗವಿಸಿದ್ಧನ ಕಣ್ಣು ಆ ಬೆಳಕನ್ನು ಬಿಟ್ಟು ಕದಲಲಿಲ್ಲ.

ಬಿಳಿ ಬೆಳಕು ಕೆನೆಯ ಬಣ್ಣಕ್ಕೆ ತಿರುಗಿತು.

ಕಣ್ಣಿಗೆ ಹಾಗೆ ಕಾಣುತ್ತಿರಬೇಕು ಅಂದುಕೊಂಡ.

ಕೆನೆ ಹಳದಿಯಾಯಿತು. ಹಳದಿ ಕೆಂಪಿಗೆ ತಿರುಗಿತು. ಇಂಜಿನ್ ಬಿಕ್ಕಿತು, ಇನ್ನೊಮ್ಮೆ ಬಿಕ್ಕಿ ನಿಂತುಬಿಟ್ಟಿತು.

ಮೊದಲು ಗಾಡಿ ಕೆಟ್ಟು ನಿಂತದ್ದೂ ಅಲ್ಲೇ ಹತ್ತಿರದಲ್ಲಿ.

ಗವಿಸಿದ್ಧ ಕಿಕ್ ಹೊಡೆದ. ಹೊಡೆದೇ ಹೊಡೆದ. ಆ ಗಾಡಿಯಲ್ಲಿ ಕಿಡಿ ಹುಟ್ಟಲೂ ಬ್ಯಾಟರಿಯೇ ಬೇಕು. ಬ್ಯಾಟರಿಯಲ್ಲಿ ಏನೂ ಉಳಿದಿರಲಿಲ್ಲ.

"ಬಿಡು," ಎಂದರು ಅಜ್ಜ. ಇಳಿದು ಒಂದು ಬಂಡೆಯ ಮೇಲೆ ಕೂತರು.

ಸ್ವಲ್ಪ ದೂರದಲ್ಲಿ ಪೊದೆಯೊಳಗೆ ಸದ್ದಾಯಿತು. ಯಾರೋ ಹುತ್ತ ಕೆದರುವ ಸದ್ದು. ಆಮೇಲೆ ಮೂಗಿನಿಂದ ಗಾಳಿ ಎಳೆದು ಊದುವ ಸದ್ದು.

"ಅಜ್ಜಾರ," ಎಂದ ಗವಿಸಿದ್ಧ. "ಕರಡಿ."

"ಹೌದು. ಗೆದ್ದಲ ತಿನ್ನಾಕತ್ತೇತಿ."

"ಏನು ಮಾಡೋಣ್ರಿ?"

"ಅದು ಉಣ್ಣಲಿ. ನಾವು ಸುಮ್ನ ಕುಂದ್ರೋಣು."

ಗವಿಸಿದ್ಧ ಅಜ್ಜನ ಪಕ್ಕಕ್ಕೆ ಸರಿದು ಕೂತ. ಕಲ್ಲಿನಲ್ಲಿ ಹಗಲಿನ ಬಿಸಿ ಇನ್ನೂ ಇತ್ತು, ಅವನಿಗೆ ಮಾತ್ರ ಚಳಿ.

ಸದ್ದು ಹತ್ತಿರ ಬಂತು. ಆಮೇಲೆ ದೂರವಾಯಿತು. ಎಷ್ಟು ಹೊತ್ತು ಕೂತಿದ್ದರೋ ಗವಿಸಿದ್ಧನಿಗೆ ತಿಳಿಯಲಿಲ್ಲ.

"ಅಜ್ಜಾರ, ನಿಮಗ ಗೊತ್ತಿತ್ತೇನ್ರಿ? ಗಾಡಿ ನಿಲ್ತೈತಂತ?"

"ನನಗ ಹೆಂಗ ಗೊತ್ತಿರಬೇಕೋ? ನಾನೂ ನಿನ್ನಂಗ ನೋಡಿರಲಿಲ್ಲ."

"ಗೊತ್ತಿಲ್ದ ಯಾಕ ಬಂದ್ರಿ?"

"ಹಂಪವ್ವ ಕುಂದ್ರೋ ಬದಲಿ ನಾ ಕುಂತೆ."

ಗವಿಸಿದ್ಧ ತಲೆ ತಗ್ಗಿಸಿದ. ಇಬ್ಬರೂ ಎದ್ದು ಗಾಡಿಯನ್ನು ಇಳಿಜಾರಿನಲ್ಲಿ ತಿರುಗಿಸಿದರು. ಆಶ್ರಮದವರೆಗೂ ತಳ್ಳಿಕೊಂಡು ಬಂದರು.

*

ಅಜ್ಜ ಪೂರ್ವಾಶ್ರಮದಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದವರು. ಈಗ ಕೈ ನಡುಗುತ್ತಿತ್ತು. ಸ್ಪ್ಯಾನರ್ ಹಿಡಿದರೆ ಬೋಲ್ಟಿನ ಮೇಲೆ ಕೂರುತ್ತಿರಲಿಲ್ಲ.

ಬ್ಯಾಟರಿಯನ್ನು ಸೋಲಾರ್ ದೀಪದ ಚಾರ್ಜರಿಗೆ ಹಾಕಿ ತುಂಬಿಸಿದ್ದಾಯಿತು. ಅಜ್ಜ ಟ್ರಂಕಿನಿಂದ ಕರೆಂಟ್ ಅಳೆಯುವ ಹಳೆಯ ಮೀಟರ್ ತೆಗೆಸಿ ಗವಿಸಿದ್ಧನ ಮುಂದಿಟ್ಟರು.

"ಹಚ್ಚು."

ಗವಿಸಿದ್ಧ ಮೀಟರನ್ನು ನೋಡಿದ, ಕೈಗೆತ್ತಿಕೊಳ್ಳಲಿಲ್ಲ.

"ಹುತ್ತ ಕೆದರಾಕತ್ತಿದ್ದ ಕರಡಿಗೂ ನೀ ಇಷ್ಟು ಹೆದರಿರಲಿಲ್ಲಲ್ಲೋ."

"ಅದು ಬಂದರ ಬರ್ತಿತ್ತು, ಹೋದರ ಹೋಗ್ತಿತ್ತು. ಇದು ಹೇಳಿಬಿಡ್ತೈತ್ರಿ ಅಜ್ಜಾರ."

"ಏನಂತ ಹೇಳ್ತೈತಿ?"

"ಗೊತ್ತಿಲ್ರಿ. ನನ್ನ ಕೈಲಿ ಆಗದ್ದು ಅಂತ ಹೇಳಿದ್ರ?"

"ನನ್ನ ಕೈ ನಡುಗೋದಕ್ಕ ಔಷಧ ಇಲ್ಲ," ಎಂದರು ಅಜ್ಜ. "ನಿನ್ನ ಕೈ ನಡುಗೋದಕ್ಕ ಕೆಲಸ ಐತಿ. ಹಚ್ಚು."

ಗವಿಸಿದ್ಧ ಬ್ಯಾಟರಿಗೆ ಹಚ್ಚಿದ. ಹನ್ನೆರಡೂವರೆ ವೋಲ್ಟ್ ತೋರಿಸಿತು.

"ಗಾಡಿ ಚಾಲೂ ಮಾಡು. ಬ್ಯಾಟರಿಗೆ ಕರೆಂಟ್ ಬರಾಕತ್ತಿದ್ರ ಹದಿನಾಕರ ಸಮೀಪ ಏರಬೇಕು."

ಗಾಡಿ ಎದ್ದಿತು. ಅಂಕಿ ಏರಲಿಲ್ಲ. ಎಕ್ಸಲರೇಟರ್ ತಿರುವಿದ. ಅಂಕಿ ಇಳಿಯುತ್ತ ಹೋಯಿತು.

"ಬ್ಯಾಟರಿ ಬರೇ ಕೊಡಾಕತ್ತೇತ್ರಿ. ಅದಕ್ಕ ಏನೂ ಬರವಲ್ದು."

"ಬರೋದು ಎಲ್ಲಿಂದ?"

ಗವಿಸಿದ್ಧ ಯೋಚಿಸಿದ. ಇಂಜಿನ್ ತಿರುಗಿದಾಗ ಅದರೊಳಗಿನ ಆಯಸ್ಕಾಂತದ ಗಾಲಿ ತಾಮ್ರದ ಸುರುಳಿಗಳ ಸುತ್ತ ತಿರುಗುತ್ತದೆ. ಕರೆಂಟ್ ಹುಟ್ಟುವುದು ಆ ಸುರುಳಿಗಳಲ್ಲಿ. ಕಂಪನಿಯವರು ಅದಕ್ಕೆ ಸ್ಟೇಟರ್ ಅನ್ನುತ್ತಾರೆ, ಗ್ಯಾರೇಜಿನವರು ಕಾಯಿಲ್ ಪ್ಲೇಟ್ ಅನ್ನುತ್ತಾರೆ. ಅಲ್ಲಿಂದ ಕರೆಂಟ್ ರೆಗ್ಯುಲೇಟರಿಗೆ ಬಂದು, ಹದವಾಗಿ, ಬ್ಯಾಟರಿ ಸೇರುತ್ತದೆ.

"ರೆಗ್ಯುಲೇಟರ್ ಹೋಗಿರಬೇಕ್ರಿ," ಎಂದ ಬೇಗನೆ. "ನಾಳೆ ಹೊಸದು ತರ್ತೀನಿ."

"ಯಾಕ ಅದ?"

"ಅದು ಹೊರಗ ಐತ್ರಿ. ಎರಡು ಬೋಲ್ಟು ಬಿಚ್ಚಿದ್ರ ಸಾಕು."

"ಕಾಯಿಲ್ ಪ್ಲೇಟು?"

"ಅದು ಇಂಜಿನ್ ಒಳಗ ಐತ್ರಿ."

"ಬಿಚ್ಚಾಕ ಸುಲಭ ಇದ್ದದ್ದ ಕೆಟ್ಟಿರಲಿ ಅಂತ ಹರಕಿ ಹೊತ್ತಿಯೇನು?"

ಗವಿಸಿದ್ಧ ಗಾಡಿಯ ಪಕ್ಕಕ್ಕೆ ಬಗ್ಗಿದ. ಇಂಜಿನ್ನಿನ ಪಕ್ಕದಿಂದ ಮೂರು ಹಳದಿ ವಯರು ಹೊರಗೆ ಬಂದಿದ್ದವು. ಅವುಗಳ ಜೋಡಣೆ ಬಿಚ್ಚಿದ. ಒಂದು ತುದಿಯ ಪ್ಲಾಸ್ಟಿಕ್ ಕರಗಿ ಕಂದುಬಣ್ಣಕ್ಕೆ ತಿರುಗಿತ್ತು. ಇಂಜಿನ್ ಚಾಲೂ ಇಟ್ಟು ಎರಡೆರಡು ವಯರಿನ ನಡುವೆ ಅಳೆದ. ಒಂದು ಜೋಡಿಯಲ್ಲಿ ಕರೆಂಟ್ ಚೆನ್ನಾಗಿತ್ತು. ಉಳಿದೆರಡರಲ್ಲಿ ಇತ್ತೋ ಇಲ್ಲವೋ ಅನ್ನುವಷ್ಟು.

"ಬಂದ್ ಮಾಡು. ಈಗ ಮೀಟರಿನ ವಯರು ತುದೀಗಿರೋ ಒಂದು ಮುಳ್ಳು ಇಂಜಿನ್ ಮೈಗೆ ಹಚ್ಚು, ಇನ್ನೊಂದು ಹಳದಿ ವಯರಿಗೆ. ಮೀಟರ್ ಕೂಗಬಾರದು. ಕೂಗಿದ್ರ ಒಳಗ ವಯರು ಸುಟ್ಟು ಮೈಗೆ ಹತ್ತೇತಿ ಅಂತ ಅರ್ಥ."

ಗವಿಸಿದ್ಧ ಕಣ್ಣು ಮುಚ್ಚಿಕೊಂಡು ಹಚ್ಚಿದ.

ಮೀಟರ್ ಕುಂಯ್ ಎಂದು ಉದ್ದಕ್ಕೆ ಕೂಗಿತು.

ಅಡುಗೆಮನೆಯಲ್ಲಿ ಹಂಪವ್ವ ಕೆಮ್ಮಿದಳು. ಅವನು ಮುಳ್ಳನ್ನು ಎತ್ತಿಬಿಟ್ಟ.

"ಕಣ್ಣು ತಗಿ," ಎಂದರು ಅಜ್ಜ. "ಈಗ ಗೊತ್ತಾತು. ಇನ್ನ ಅದು ಇರಬೇಕು, ಇದು ಇರಬೇಕು ಅನ್ನೋದು ಬ್ಯಾಡ."

*

ಹಗಲಿನಲ್ಲಿ ಗವಿಸಿದ್ಧ ಕಾಲ್ನಡಿಗೆಯಲ್ಲಿ ಗುಡ್ಡ ದಾಟಿ ಊರಿಗೆ ಹೋದ. ಹೊಸ ಕಾಯಿಲ್ ಪ್ಲೇಟು, ಮುಚ್ಚಳದಿಂದ ಎಣ್ಣೆ ಸೋರದಂತೆ ತಡೆಯುವ ಹೊಸ ಪ್ಯಾಕಿಂಗು ತಂದ. ಪ್ರತಿ ಬಂಡೆಯ ಹತ್ತಿರವೂ ನಿಂತು ಆಲಿಸಿ ಬಂದದ್ದರಿಂದ ತಡವಾಯಿತು.

ಮರುದಿನ ಬೆಳಗ್ಗೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಇಂಜಿನ್ ಎಣ್ಣೆ ಇಳಿಸಿದ. ಬೋಲ್ಟುಗಳು ಒಂದೊಂದು ಒಂದೊಂದು ಉದ್ದ. ಅಜ್ಜ ಒಂದು ರಟ್ಟಿನ ಮೇಲೆ ಇಂಜಿನ್ ಮುಚ್ಚಳದ ಚಿತ್ರ ಬರೆಸಿದರು. ಬಿಚ್ಚಿದ ಬೋಲ್ಟನ್ನು ಅದರದರ ಜಾಗಕ್ಕೇ ಚುಚ್ಚಿಡಲು ಹೇಳಿದರು.

ಎಲ್ಲ ಬಿಚ್ಚಿದ ಮೇಲೆ ಗವಿಸಿದ್ಧ ಮುಚ್ಚಳ ಎಳೆದ. ಸ್ವಲ್ಪ ಬಂತು. ತಟ್ಟನೆ ಒಳಗಿನಿಂದ ಯಾರೋ ಜಗ್ಗಿದಂತಾಗಿ ಫಟ್ಟನೆ ಹಿಂದಕ್ಕೆ ಹೋಗಿ ಬಡಿಯಿತು. ಅವನು ಚೀರಿ ಹಿಂದಕ್ಕೆ ಬಿದ್ದ.

ಅಜ್ಜ ನಗಲಿಲ್ಲ. "ಆಯಸ್ಕಾಂತ," ಎಂದರು. "ಅದು ತನ್ನ ಕೆಲಸ ಮಾಡಾಕತ್ತೇತಿ. ಬೆರಳು ಸಂದ್ಯಾಗ ಇಡಬ್ಯಾಡ. ಎರಡೂ ಕೈಲೆ ಹಿಡಿದು ನೆಟ್ಟಗ ಎಳಿ."

ಮುಚ್ಚಳ ಬಂತು. ಅದರ ಒಳಮೈಗೆ ಕಾಯಿಲ್ ಪ್ಲೇಟು ಕೂತಿತ್ತು. ತಾಮ್ರದ ಸುರುಳಿಗಳು ಸುತ್ತಲೂ ಹೂವಿನ ಎಸಳಿನಂತಿದ್ದವು. ಒಂದು ಪಕ್ಕದವು ಇನ್ನೂ ಹೊಳೆಯುತ್ತಿದ್ದವು. ಇನ್ನೊಂದು ಪಕ್ಕದವು ಇದ್ದಲಿನಂತೆ ಕಪ್ಪು. ಹೊತ್ತಿದ ಬೆಲ್ಲಕ್ಕೆ ಸೀಮೆಎಣ್ಣೆ ಬೆರೆಸಿದಂಥ ವಾಸನೆ ಬಂತು.

"ನಾ ಏನರ ತಪ್ಪು ಮಾಡಿದ್ನೇನ್ರಿ ಅಜ್ಜಾರ? ನನ್ನಿಂದ ಸುಟ್ಟಿತೇನ್ರಿ?"

"ತಂತಿ ಮ್ಯಾಲಿನ ವಾರ್ನಿಶ್‌ಗೂ ಮುಪ್ಪು ಬರ್ತೈತಿ. ಬಿಚ್ಚು."

ಹಳೆಯದನ್ನು ತೆಗೆದ. ಹೊಸದನ್ನು ಕೂರಿಸುವ ಮೊದಲು ಅಜ್ಜ ಹೇಳದೆಯೇ ಮೀಟರ್ ಹಚ್ಚಿ ನೋಡಿದ. ಕೂಗಲಿಲ್ಲ. ಸ್ಕ್ರೂ ಬಿಗಿಮಾಡಿದ. ಹಳೆಯ ಪ್ಯಾಕಿಂಗನ್ನು ಕೆರೆದು ಒರೆಸಿದ. ಹೊಸದಕ್ಕೆ ಎಣ್ಣೆ ಸವರಿ ಇಟ್ಟ.

ಆಗ ಹಂಪವ್ವ ಕೆಮ್ಮಲು ಶುರುಮಾಡಿದಳು. ಈ ಸಲ ಬೇಗ ನಿಲ್ಲಲಿಲ್ಲ.

ಗವಿಸಿದ್ಧನ ಕೈ ಚುರುಕಾಯಿತು. ಮುಚ್ಚಳ ಮುಚ್ಚಿದ. ರಟ್ಟಿನಿಂದ ಬೋಲ್ಟು ಕಿತ್ತು ಕಿತ್ತು ತಿರುವಿದ. ಎಣ್ಣೆ ಹೊಯ್ದ. ಮೂರು ಹಳದಿ ವಯರಿನ ತುದಿಗೆ ಹೊಸ ಜೋಡಣೆ ಹಾಕಿ ಸೇರಿಸಿದ. ಕಿಕ್ ಹೊಡೆದ.

ಬ್ಯಾಟರಿಗೆ ಹಚ್ಚಿದ ಮೀಟರಿನಲ್ಲಿ ಅಂಕಿ ಏರಿತು. ಹದಿಮೂರು ದಾಟಿತು. ಹದಿನಾಲ್ಕರ ಮೇಲೆ ಸ್ವಲ್ಪ ಹೋಗಿ ನಿಂತಿತು.

"ಬಂತ್ರಿ ಅಜ್ಜಾರ! ಬಂತು!"

ಕೆಮ್ಮು ನಿಂತ ಮೇಲೆ ಹಂಪವ್ವ ಬಾಗಿಲಿಗೆ ಬಂದಳು. ಕಣ್ಣೊರೆಸಿಕೊಂಡು, "ನಿಮ್ಮ ಗಾಡೀನೂ ನನ್ನಂಗ ಮುದುಕಿ," ಎಂದಳು. "ಒಳಗ ಕೈ ಹಾಕಿದ್ರ ಅಷ್ಟ ದಾರಿಗೆ ಬರ್ತೈತಿ."

ಅಜ್ಜ ಸ್ನಾನಕ್ಕೆ ಹೋದರು.

ಗವಿಸಿದ್ಧ ಕೆಳಗೆ ಹಾಸಿದ್ದ ಅರಿವೆ ಮಡಚಲು ಬಗ್ಗಿದ. ಅವನ ಮೊಣಕಾಲಿನ ಕೆಳಗೆ ಒಂದು ಸಣ್ಣ ತಗಡಿನ ಪಟ್ಟಿ, ಅದರ ಸ್ಕ್ರೂ ಸಮೇತ, ಬಿದ್ದಿತ್ತು.

*

ಬೆರಳಿನ ಉಗುರಿಗಿಂತ ತುಸು ದೊಡ್ಡದು. ಒಳಗೆ ಹಳದಿ ವಯರುಗಳನ್ನು ಒತ್ತಿ ಹಿಡಿಯುವ ಪಟ್ಟಿ. ಅವನು ಅದನ್ನು ಹಾಕಿರಲಿಲ್ಲ.

ಸುತ್ತ ನೋಡಿದ. ಯಾರೂ ಇರಲಿಲ್ಲ. ಪಟ್ಟಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

ಗಾಡಿ ಓಡುತ್ತಿದೆ. ಮೀಟರ್ ಹದಿನಾಲ್ಕು ತೋರಿಸಿದೆ. ಮತ್ತೆ ಬಿಚ್ಚಿದರೆ ಪ್ಯಾಕಿಂಗ್ ಹರಿಯಬಹುದು. ಬೋಲ್ಟಿನ ತಿರುಪು ಸವೆದುಹೋಗಬಹುದು. ಬಿಚ್ಚಿದಾಗಲೇ ಹಂಪವ್ವನಿಗೆ ಜೋರಾದರೆ?

ಅಷ್ಟೆಲ್ಲ ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಲೇ ಕಿಸೆ ಮುಟ್ಟಿ ನೋಡಿಕೊಂಡ.

ಮಧ್ಯಾಹ್ನ ಊಟಕ್ಕೆ ಕೂತಾಗ ಹಂಪವ್ವ ಬಿಸಿ ರೊಟ್ಟಿ ಹಾಕಿದಳು. ಅವನು ತುತ್ತು ಮುರಿದ, ಬಾಯಿಗೆ ಇಡಲಿಲ್ಲ. ಮುದುಕಿಯ ಎದೆಯಲ್ಲಿ ಸಿಳ್ಳೆಯಂಥ ಸದ್ದು ಕೇಳುತ್ತಿತ್ತು.

ಎದ್ದು ಅಜ್ಜನ ಮುಂದೆ ಹೋಗಿ ಪಟ್ಟಿ ಇಟ್ಟ.

ಅಜ್ಜ ಅದನ್ನು ನೋಡಿದರು. "ಇದು ಏನು ಮಾಡ್ತೈತಿ?"

"ವಯರು ಹಿಡೀತೈತ್ರಿ."

"ಹಿಡೀದಿದ್ರ?"

"ಸಡಲಾಗಿ ತಿರುಗೋ ಗಾಲಿಗೆ ತಾಗ್ತಾವ್ರಿ. ತಾಗಿ ತಾಗಿ ಹರೀತಾವು."

"ಯಾವಾಗ?"

"ಗೊತ್ತಿಲ್ರಿ. ಒಂದು ವರ್ಷಕ್ಕ ಹರೀಬಹುದು. ಇವತ್ತ ಹರೀಬಹುದು."

"ಮೀಟರ್ ಹದಿನಾಕು ಅಂದಿತಲ್ಲ. ಸುಳ್ಳು ಹೇಳಿತೇನು?"

"ಇಲ್ರಿ. ಕೇಳಿದ್ದಷ್ಟ ಹೇಳಿತು. ಕೇಳದ್ದು ನನ್ನ ಕಿಸೇದಾಗಿತ್ತು."

ಅಜ್ಜ ಪಟ್ಟಿಯನ್ನು ಅವನ ಅಂಗೈಗೆ ವಾಪಸ್ಸು ಇಟ್ಟರು.

"ನನಗ ಬೈರಿ ಅಜ್ಜಾರ."

"ಬೈದ್ರ ವಯರು ಗಟ್ಟಿ ಆಗ್ತಾವೇನು?"

*

ಗವಿಸಿದ್ಧ ಮತ್ತೆ ಎಣ್ಣೆ ಇಳಿಸಿದ. ಇಂಜಿನ್ ಆರಲು ಕಾದ. ಬೋಲ್ಟುಗಳನ್ನು ಮತ್ತೆ ರಟ್ಟಿಗೆ ಚುಚ್ಚಿದ. ಈ ಸಲ ಮುಚ್ಚಳವನ್ನು ನೆಟ್ಟಗೆ ಎಳೆದ. ಎಣ್ಣೆ ಸವರಿದ್ದರಿಂದ ಪ್ಯಾಕಿಂಗ್ ಹರಿಯದೆ ಬಂತು.

ವಯರುಗಳು ಆಗಲೇ ಜಾರಿ, ಗಾಲಿಯ ಅಂಚಿಗೆ ಹತ್ತಿರ ಬಂದಿದ್ದವು. ಒಂದರ ಮೈ ಸ್ವಲ್ಪ ತರಚಿತ್ತು. ಒಳಗಿನ ತಾಮ್ರ ಇನ್ನೂ ಕಂಡಿರಲಿಲ್ಲ.

ಅವನು ಅದನ್ನು ನೋಡುತ್ತ ಕೂತ. ಬೆನ್ನ ಮೇಲೆ ಬೆವರು ಹರಿಯಿತು.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

ಓಡಿಹೋಗಿ ನೋಡಿದರೆ ಹಂಪವ್ವ ಗೋಡೆಗೆ ಕೈಯೂರಿ ನಿಂತಿದ್ದಳು. ಹೆಗಲು ಎರಡೂ ಕಿವಿಯವರೆಗೆ ಏರುತ್ತಿದ್ದವು. ಪಂಪು ಎಳೆದಳು. ಮತ್ತೆ ಎಳೆದಳು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಬೇವಿನ ಮರದ ಕೆಳಗೆ ಗಾಡಿ ಹೊಟ್ಟೆ ತೆರೆದುಕೊಂಡು ನಿಂತಿತ್ತು.

"ಅಜ್ಜಾರ!" ಎಂದು ಗವಿಸಿದ್ಧ ಕಿರುಚಿದ. "ನಾ ಬಿಚ್ಚಬಾರದಿತ್ತು! ಬಿಚ್ಚಬಾರದಿತ್ರಿ!"

ಅಜ್ಜ ಬಂದು ಹಂಪವ್ವನನ್ನು ಮುಂದಕ್ಕೆ ಬಾಗಿಸಿ ಕೂರಿಸಿದರು. ಬೆನ್ನ ಮೇಲೆ ನಡುಗುವ ಕೈ ಇಟ್ಟರು.

"ಈಕಿನ್ನ ನಾ ನೋಡ್ಕೊಂತೀನಿ," ಎಂದರು. "ಬೋಲ್ಟು ನೀ ನೋಡು."

"ಹಂಗ ಮುಚ್ಚಿ ಹೊಂಟುಬಿಡ್ತೀನ್ರಿ. ಪಟ್ಟಿ ಆಮ್ಯಾಲೆ..."

ಹಂಪವ್ವ ಮಾತಾಡಲಾಗದೆ ಕೈಯೆತ್ತಿದಳು. ಹೋಗು ಎಂದಳೋ ಬಾ ಎಂದಳೋ ತಿಳಿಯಲಿಲ್ಲ.

ಗವಿಸಿದ್ಧ ಮರದ ಕೆಳಗೆ ಮೊಣಕಾಲೂರಿದ. ಪಟ್ಟಿಯ ಸ್ಕ್ರೂ ಅವನ ಬೆರಳಿನಿಂದ ಜಾರಿ ಬಿತ್ತು. ಹುಡುಕಿ ಎತ್ತಿಕೊಂಡ. ಮತ್ತೆ ಜಾರಿತು. ಬಾಗಿಲ ಒಳಗಿನಿಂದ ಹಂಪವ್ವನ ಉಸಿರು ಗರಗಸ ಎಳೆದಂತೆ ಕೇಳುತ್ತಿತ್ತು. ಅದನ್ನು ಕೇಳದಿರಲು ಸಾಧ್ಯವಿರಲಿಲ್ಲ. ಕೇಳುತ್ತಲೇ ಸ್ಕ್ರೂ ಕೂರಿಸಿದ. ವಯರುಗಳಿಗೆ ಹೊದಿಸಿದ್ದ ಪ್ಲಾಸ್ಟಿಕ್ ಕೊಳವೆಯನ್ನು ತರಚಿದ ಜಾಗದ ಮೇಲೆ ಸರಿಸಿ ವಯರನ್ನು ಗಾಲಿಯಿಂದ ದೂರ ಒತ್ತಿದ. ಪಟ್ಟಿ ಬಿಗಿಯಾಯಿತು. ಎಳೆದು ನೋಡಿದ. ಕದಲಲಿಲ್ಲ.

ಮುಚ್ಚಳ. ಉದ್ದದ ಬೋಲ್ಟು ಕೆಳಗೆ. ಗಿಡ್ಡದ್ದು ಮೇಲೆ. ಒಂದನ್ನೂ ಬಿಡದೆ, ಎದುರುಬದುರಾಗಿ ತಿರುಗಿಸಿ ಬಿಗಿಮಾಡಿದ. ಎಣ್ಣೆ ಹೊಯ್ಯುವಾಗ ಅರ್ಧ ನೆಲಕ್ಕೆ ಚೆಲ್ಲಿತು. ಡಬ್ಬಿಯಲ್ಲಿ ಉಳಿದದ್ದನ್ನೂ ಹೊಯ್ದ.

ಕಿಕ್ ಹೊಡೆದ. ಎದ್ದಿತು. ಮೀಟರ್ ಹಚ್ಚಿದ.

ಹದಿನಾಲ್ಕು.

ಅಜ್ಜ ಹಂಪವ್ವನನ್ನು ನಡೆಸಿಕೊಂಡು ಬಂದು ಹಿಂದೆ ಕೂರಿಸಿದರು. ಹೆಗಲ ಮೇಲಿನ ಶಲ್ಯ ತೆಗೆದು ಇಬ್ಬರ ಸೊಂಟಕ್ಕೂ ಸುತ್ತಿ ಗಂಟು ಹಾಕಿದರು. ಅವರ ಕೈಗೆ ಗಂಟು ಬೀಳಲು ಹೊತ್ತು ಹಿಡಿಯಿತು.

"ಅಜ್ಜಾರ, ದಾರ್ಯಾಗ ಮತ್ತ ನಿಲ್ಲಂಗಿಲ್ಲ ಅಂತ ಹೇಳ್ರಿ."

"ನಾ ಹೇಳಿದ್ರ ನಂಬ್ತಿಯೇನು?"

"ನಂಬ್ತೀನ್ರಿ."

"ಅದಕ್ಕ ಹೇಳಂಗಿಲ್ಲ. ನೋಡಿದಾವ ನೀನು. ಹೋಗು."

*

ಗುಡ್ಡದ ಬುಡ ಮುಟ್ಟಿದಾಗ ಹೊತ್ತು ಮುಳುಗಿತ್ತು.

ಲೈಟ್ ಹಾಕಿದ. ಬಿಳಿ ಬೆಳಕು. ಗವಿಸಿದ್ಧನ ಕಣ್ಣು ಅದನ್ನು ಬಿಡಲಿಲ್ಲ. ಪ್ರತಿ ತಿರುವಿನಲ್ಲೂ ಅದು ಹಳದಿಯಾದಂತೆ ಕಾಣುತ್ತಿತ್ತು, ಮರುಕ್ಷಣ ಬಿಳಿಯಾಗಿಯೇ ಇರುತ್ತಿತ್ತು. ಹಂಪವ್ವನ ತಲೆ ಅವನ ಬೆನ್ನಿಗೆ ಆನಿಕೊಂಡಿತ್ತು. ಅವಳ ಒಂದೊಂದು ಉಸಿರೂ ಅಂಗಿಯ ಮೂಲಕ ತಾಗುತ್ತಿತ್ತು. ನಡುವೆ ತಾಗದೆ ಹೋದಾಗ ಅವನ ಉಸಿರೂ ನಿಲ್ಲುತ್ತಿತ್ತು.

"ಯವ್ವಾ!"

"ಹೂಂ," ಎನ್ನುತ್ತಿದ್ದಳು, ಬಹಳ ಹೊತ್ತು ಬಿಟ್ಟು.

ಏರಿನ ಕೊನೆಯಲ್ಲಿ, ಎರಡು ಬಂಡೆಗಳ ನಡುವೆ, ದಾರಿ ಕಪ್ಪಾಗಿತ್ತು. ಕಪ್ಪು ಅಲುಗಿತು. ಎರಡು ಕಣ್ಣು ಹೊಳೆದವು. ಅದರ ಬೆನ್ನ ಮೇಲೆ ಇನ್ನೆರಡು ಸಣ್ಣ ಕಣ್ಣು.

ಮರಿ ಹೊತ್ತ ಕರಡಿ.

ಗವಿಸಿದ್ಧ ಬ್ರೇಕ್ ಹಿಡಿದ. ಕಾಲು ನೆಲಕ್ಕೆ ಊರಿದ. ಹಿಂದಕ್ಕೆ ತಿರುಗಲು ಜಾಗವಿಲ್ಲ. ಗಾಡಿ ನಿಧಾನಕ್ಕೆ ಡುಬ್ ಡುಬ್ ಎನ್ನುತ್ತಿತ್ತು. ಹಿಂದಿನ ಸಲ ಹೀಗೆ ನಿಧಾನವಾದಾಗಲೇ ಇಂಜಿನ್ ಬಿಕ್ಕಿದ್ದು.

ಬಿಕ್ಕಲಿಲ್ಲ. ಬೆಳಕು ಇದ್ದಷ್ಟೇ ಇತ್ತು.

ಕರಡಿ ಮೂಗೆತ್ತಿ ಗಾಳಿ ಎಳೆಯಿತು. ಬೆಳಕನ್ನು ನೋಡಿತು. ಮರಿ ಬೆನ್ನ ಮೇಲೆ ಸರಿದು ಕೂತಿತು. ಆಮೇಲೆ ಆ ತಾಯಿ ಅವಸರವಿಲ್ಲದೆ ಬಂಡೆಯ ಸಂದಿಗೆ ಇಳಿದುಹೋಯಿತು.

ಗವಿಸಿದ್ಧ ಗೇರ್ ಹಾಕಿದ. ಹಲ್ಲು ಕಟಕಟ ಎನ್ನುತ್ತಿದ್ದವು. ಇಳಿಜಾರಿನ ಕೆಳಗೆ ಊರಿನ ದೀಪಗಳು ಕಂಡಾಗಲೂ ಅದು ನಿಲ್ಲಲಿಲ್ಲ.

ದವಾಖಾನೆಯ ಬಾಗಿಲಲ್ಲಿ ನರ್ಸ್ ಬಂದು ಶಲ್ಯದ ಗಂಟು ಬಿಚ್ಚಿದಳು. ಅವನ ಬೆರಳುಗಳು ಹ್ಯಾಂಡಲ್ ಬಿಡಲು ಒಪ್ಪಲಿಲ್ಲ. ಅವಳೇ ಒಂದೊಂದಾಗಿ ಬಿಡಿಸಿದಳು.

*

ಹಂಪವ್ವ ಉಳಿದಳು.

ಅವಳನ್ನು ಕರೆದುಕೊಂಡು ಹಗಲಿನಲ್ಲಿ ವಾಪಸ್ಸು ಬಂದ ಗವಿಸಿದ್ಧ ನೇರವಾಗಿ ಹೊಳೆಯ ಮೆಟ್ಟಿಲಿಗೆ ಹೋದ. ಅಜ್ಜನಿಗೆ ನಮಸ್ಕಾರ ಮಾಡಿ ಕೂತ. ಹೊಳೆಯಲ್ಲಿ ನೀರು ಕಡಿಮೆಯಿತ್ತು, ಕಲ್ಲುಗಳ ನಡುವೆ ಸದ್ದಿಲ್ಲದೆ ಹರಿಯುತ್ತಿತ್ತು.

"ಅಜ್ಜಾರ, ಗಾಡಿ ಚಲೋ ಆತು. ನಾ ಚಲೋ ಆಗಲಿಲ್ರಿ."

"ಏನಾಗೇತಿ ನಿನಗ?"

"ಹೆದರಿಕಿ ಹೋಗವಲ್ದ್ರಿ. ಮೀಟರ್ ನೋಡಿದ್ದೆ, ಪಟ್ಟಿ ಹಾಕಿದ್ದೆ, ಎಲ್ಲಾ ಗೊತ್ತಿತ್ತು. ಆದ್ರೂ ದಾರಿ ತುಂಬ ಹೆದರಿಕಿ. ಆಶ್ರಮ ಬಿಟ್ಟಾಗಿಂದ ದವಾಖಾನಿ ಬಾಗಿಲ ತನಕ ಒಂದು ಗಳಿಗಿ ಬಿಡಲಿಲ್ಲ. ಇಷ್ಟು ದಿನ ನಿಮ್ಮ ಹಂತ್ಯಾಕ ಇದ್ದು ಏನು ಕಲ್ತಂಗಾತ್ರಿ?"

"ಹಂಪವ್ವ ಏನಂದಳು?" ಎಂದು ಅಜ್ಜ ಕೇಳಿದರು.

ಗವಿಸಿದ್ಧ ನಾಚಿಕೆಯಿಂದ ನೆಲ ನೋಡಿದ.

"ಆಕಿಗೇನು ಗೊತ್ರಿ. 'ಈ ಸಲ ನನಗ ಹೆದರಿಕಿ ಆಗಲಿಲ್ಲೋ ತಮ್ಮಾ, ಮುಂದ ನೀ ಧೈರ್ಯದಿಂದ ಕುಂತಿದ್ದಿ' ಅಂದ್ಲು. ನಾ ಆಕಿಗೆ ಖರೆ ಹೇಳಲಿಲ್ರಿ."

"ಆಕಿ ಅಂದದ್ದೂ ಖರೆ, ನೀ ಅಂದದ್ದೂ ಖರೆ," ಎಂದರು ಅಡಿವೆಯ್ಯಜ್ಜ. "ಎರಡೂ ಒಂದ ಗಾಡಿ ಮ್ಯಾಲೆ ಗುಡ್ಡ ದಾಟಿ ಬಂದಾವು. ಏಳು, ಉಣ್ಣಾಕ ನಡಿ."